ಗಾಳಿ ಬಿಟ್ಟು ಮಾಡಿದ ಲೆಕ್ಕ

ಅಭಿರಾಮಿ ಕಣ್ಣೂ,

ಕಂಬಂನಿಂದ ನಿನ್ನ ಕಾಮರಾಜ್ ಮಾಮ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಸರಿ ಮಾಮಾ, ಸರಿ ಮಾಮಾ’ ಅಂದು ನನ್ನ ಬಾಯಿ ಕಟ್ಟಿಬಿಡುತ್ತೀ. ಕಾಗದದ ಬಾಯಿ ಕಟ್ಟಲು ಆಗುವುದಿಲ್ಲ. ನಾಳೆ ಭಾನುವಾರ ಬೆಳಗ್ಗೆ ದಿಂಡಿಗಲ್ಲಿಗೆ ಹೊರಡುವ ದ್ರಾಕ್ಷಿ ವ್ಯಾನಿನಲ್ಲಿ ಇದನ್ನು ಕಳಿಸುತ್ತೇನೆ. ಸೋಮವಾರದೊಳಗೆ ನೀನು ಇದನ್ನು ಓದಬೇಕು.

ನಿನ್ನೆ ಫೋನಿನಲ್ಲಿ ನೀನು, ನಿನ್ನ ಹತ್ತಿರ ಪಾಠ ಕಲಿಯುವ ತೇನ್‌ಮೊಳಿಯ ಸುದ್ದಿ ಹೇಳಿದೆ. ಚಿನ್ನಾಳಪಟ್ಟಿಯ ನೇಕಾರರ ಮಗಳು, ಹನ್ನೊಂದನೇ ಕ್ಲಾಸು, ಫಿಸಿಕ್ಸ್ ಹೋಂವರ್ಕ್ ಒಂದನ್ನೂ ಮುಗಿಸಿ ತರುವುದಿಲ್ಲ. ಮೇಜಿನ ಮೇಲೆ ಜಾರುವ ಮರದ ತುಂಡಿನ ಲೆಕ್ಕದಲ್ಲಿ ‘ಘರ್ಷಣೆ ಇಲ್ಲ ಎಂದು ಇಟ್ಟುಕೊಳ್ಳಿ’ ಅಂದೆಯಂತೆ. ಅವಳು ಎದ್ದು ನಿಂತು, ‘ಅದು ಇಲ್ದೇ ಹೋದ್ರೆ ನೂಲಿನ ಗಂಟೇ ನಿಲ್ಲಲ್ವಲ್ಲ ಮಿಸ್, ಸೀರೆ ಹೆಂಗ ನೆಯ್ಯೋದು?’ ಅಂದಳಂತೆ. ಕ್ಲಾಸೆಲ್ಲ ನಕ್ಕಿತು. ನಿನಗೆ ಸಿಟ್ಟು ಬಂತು. ಸೈನ್ಸ್ ಗ್ರೂಪ್ ಬಿಟ್ಟು ಹೋಗುವುದಕ್ಕೆ ಸೋಮವಾರ ಅಪ್ಪನನ್ನು ಕರೆತಂದು ಕಾಗದಕ್ಕೆ ಸೈನ್ ಹಾಕಿಸು ಅಂದೆ. ‘ಅದುರ ತಲೆಗೆ ಹತ್ತಲ್ಲ ಮಾಮಾ’ ಅಂತ ನನ್ನ ಹತ್ತಿರ ಹೇಳಿ ನಕ್ಕೆ. ನನಗೆ ನಗು ಬರಲಿಲ್ಲ ತಾಯಿ.

ನೀನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗಿನ ಆಡಿ ತಿಂಗಳು, ಆ ಗಾಳಿಯ ಕಾಲ ನೆನಪಿದೆಯಾ? ನಾವಿಬ್ಬರೂ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಹೋಂವರ್ಕ್ ಮಾಡುತ್ತಿದ್ದೆವು. ಬೆಳಗ್ಗೆ ನೀರು ಕಟ್ಟುವಾಗ ನಾನು ಪಾಠವನ್ನು ಕದ್ದು ಓದಿಕೊಂಡಿರುತ್ತಿದ್ದೆ, ಸಂಜೆ ಎಲ್ಲ ತಿಳಿದವನ ಹಾಗೆ ಹೇಳಿಕೊಡುತ್ತಿದ್ದೆ. ಎಂಬತ್ತು ಮೀಟರ್ ಎತ್ತರದ ಗೋಪುರದಿಂದ ಕಲ್ಲು ಬಿಟ್ಟರೆ ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ, ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದಿತ್ತು. ನೀನು ಪೆನ್ನು ಕೆಳಗಿಟ್ಟೆ. ‘ಹೆಂಗ ಮಾಮಾ ಗಾಳೀನ ಬುಡೋದು? ಇದೇ ಗಾಳಿಗೆ ನಮ್ಮ ಬಾಳೆ ನೂರು ಗಿಡ ಮುರುದು ಬಿದ್ದೈತೆ!’

ನಾನು ಏನು ಮಾಡಿದೆ? ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ದನಿ ದೊಡ್ಡದು. ‘ಪುಸ್ತಕ ಹೇಳಿದ್ದ ಮಾಡು’ ಎಂದು ಕೂಗಿಬಿಟ್ಟೆ. ನೀನು ಮೂರು ದಿನ ನೋಟ್‌ಬುಕ್ ಬಿಚ್ಚಲಿಲ್ಲ.

ನಾಲ್ಕನೇ ದಿನ ನಿನ್ನ ಅಜ್ಜಿ ಗೋವಿಂದಮ್ಮಾಳ್ ಮಾಳಿಗೆಯ ಮೇಲೆ ಉದ್ದು ತೂರುತ್ತಿದ್ದಳು. ಅಲ್ಲಿಂದಲೇ ಕೂಗಿದಳು. ‘ಲೇ ಕಾಮರಾಜು, ಓದೋ ಕೂಸ ಯಾಕ್ಲಾ ಬಯ್ದೆ? ನೀ ಏನು ದೊಡ್ಡ ಕಲೆಕ್ಟ್ರಾ? ಬಾ ಕಣ್ಣು, ಮೊರ ಹಿಡಿ.’

ನೀನು ಮೂತಿ ಉಬ್ಬಿಸಿಕೊಂಡೇ ಹತ್ತಿದೆ. ಮೊರ ಎತ್ತಿ ಸುರಿದೆ. ಹೊಟ್ಟೆಲ್ಲ ಪಕ್ಕದ ಮನೆಯ ಗೋಡೆ ದಾಟಿ ಹೋಯಿತು. ಕಾಳು ನಿನ್ನ ಕಾಲ ಬುಡದಲ್ಲಿ ಬಿತ್ತು.

‘ಗಾಳಿ ಯಾರ ಹೊತ್ಕೊಂಡೋಯ್ತು?’

‘ಹೊಟ್ಟ.’

‘ಕಾಳ?’

ನೀನು ಬಗ್ಗಿ ನೋಡಿದೆ. ಅಷ್ಟು ಸುಲಭಕ್ಕೆ ಒಪ್ಪುವವಳಲ್ಲವಲ್ಲ ನೀನು! ‘ಕಾಳೂ ಒಂಚೂರು ಆಕಡೆ ಹೋಗೈತೆ ಅಜ್ಜೀ.’

‘ಹೋಗೈತೆ. ಸುಳ್ಳು ಅಂದೋರು ಯಾರು? ಮೊದ್ಲು ಬಿದ್ದ ಕಾಳ ಬಾಚ್ಕೋ. ಆ ಒಂಚೂರ ಆಮೇಲೆ ನೋಡಾನ.’

ಅಷ್ಟೇ. ಮೆಟ್ಟಿಲಿಳಿದು ಬಂದವಳೇ ಆ ಲೆಕ್ಕ ಮಾಡಿದೆ. ನಾಲ್ಕು ಸೆಕೆಂಡು. ಉತ್ತರದ ಕೆಳಗೆ ಸಣ್ಣಕ್ಷರದಲ್ಲಿ ‘ಗಾಳಿ ಆಮೇಲೆ’ ಎಂದು ಬರೆದೆ. ಆ ವರ್ಷವೆಲ್ಲ ನಿನ್ನ ಲೆಕ್ಕಗಳ ಕೆಳಗೆ ಆ ಮಾತು ಇತ್ತು. ಊರಲ್ಲಿ ಮಾತ್ರ ನನಗೆ ‘ಫಿಸಿಕ್ಸ್ ಮಾಮ’ ಎಂದು ಹೆಸರು ಬಂತು. ಮೊರ ಹಿಡಿಸಿದವಳನ್ನು ಯಾರೂ ಕೇಳಲಿಲ್ಲ.

ಈ ಫಿಸಿಕ್ಸ್ ಮಾಮ ನಿನಗೆ ಹೇಳದೆ ಬಿಟ್ಟದ್ದು ಒಂದಿದೆ. ತೇನಿಯಲ್ಲಿ ನಾನೂ ಹನ್ನೊಂದನೇ ಕ್ಲಾಸಿನಲ್ಲಿ ಸೈನ್ಸ್ ತಗೊಂಡಿದ್ದೆ. ಒಂದು ದಿನ ಎದ್ದು ನಿಂತು ಏನೋ ಕೇಳಿದೆ. ಕ್ಲಾಸು ನಕ್ಕಿತು, ಪಾಠ ಮಾಡುತ್ತಿದ್ದ ವಾದ್ಯಾರೂ ನಕ್ಕರು. ಮುಂದಿನ ವಾರ ನಮ್ಮಪ್ಪ ಬಂದು, ಏನೆಂದು ಕೇಳದೆ, ಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ನಾನು ಮತ್ತೆ ಸ್ಕೂಲಿನ ಕಡೆ ಹೋಗಲಿಲ್ಲ. ಏನು ಕೇಳಿದೆನೋ ಮರೆತುಹೋಗಿದೆ ಕಣ್ಣು. ಆ ನಗು ಮಾತ್ರ ಮರೆತಿಲ್ಲ.

ತೇನ್‌ಮೊಳಿಗೆ ಮೊರದ ಕತೆ ಹೇಳಬೇಡ. ಅವಳ ಮನೆಯಲ್ಲಿ ಉದ್ದು ತೂರುವುದಿಲ್ಲ. ಭಾನುವಾರ ಸಂಜೆಯೇ ಚಿನ್ನಾಳಪಟ್ಟಿ ಬಸ್ಸು ಹತ್ತು. ಅವಳ ಮಗ್ಗದ ಪಕ್ಕ ಕೂತು, ಯಾವ ಗಂಟು ಹೇಗೆ ನಿಲ್ಲುತ್ತದೆ ಎಂದು ಕೇಳು. ಮೊದಲು ನೀನು ಹೋಂವರ್ಕ್ ಮಾಡು, ಆಮೇಲೆ ಅವಳು ಮಾಡುತ್ತಾಳೆ. ಈ ಕಾಗದದ ಜೊತೆ ನಿನ್ನ ಹಳೆಯ ನೋಟ್‌ಬುಕ್ಕನ್ನೂ ಕಳಿಸಿದ್ದೇನೆ. ಕಲ್ಲಿನ ಲೆಕ್ಕದ ಪುಟ ತೋರಿಸು, ‘ಘರ್ಷಣೆ ಆಮೇಲೆ’ ಎಂದು ಅವಳ ಕೈಯಲ್ಲೇ ಬರೆಸು. ಸೋಮವಾರ ಅವಳಪ್ಪ ಬಂದರೆ ಕೂರಿಸಿ ಕಾಫಿ ಕೊಡು. ಸೈನ್ ಹಾಕುವ ಕಾಗದ ಮಾತ್ರ ಕೊಡಬೇಡ.

ಇಲ್ಲಿ ಆಡಿ ಗಾಳಿ ಈ ಹಾಳೆಯನ್ನೂ ಹಾರಿಸುತ್ತಿದೆ. ಅಜ್ಜಿ ತನ್ನ ಎಲೆಯಡಿಕೆ ಡಬ್ಬಿ ತಂದು ಅದರ ಮೇಲಿಟ್ಟಿದ್ದಾಳೆ. ಅವಳದೂ ನನ್ನದೂ ಒಂದೇ ಹಾರೈಕೆ. ಎಂಥ ಗಾಳಿ ಬೀಸಿದರೂ ನಿನ್ನ ಕಾಳು ನಿನ್ನ ಕಾಲ ಬುಡದಲ್ಲೇ ಬೀಳಲಿ, ನಿನ್ನ ಕ್ಲಾಸಿನ ಮಕ್ಕಳ ಕಾಳು ಅವರ ಕಾಲ ಬುಡದಲ್ಲಿ ಬೀಳಲಿ.

ಪಾಸಾಗದ ನಿನ್ನ ಫಿಸಿಕ್ಸ್ ಮಾಮ,
ಕಾಮರಾಜ್