ಅಕ್ಕನ ಜೊತೆ ಮಾತು ಬಿಟ್ಟ ಕಂಪ್ಯೂಟರ್

ಮಾನ್ಯ ಪರವಾನಗಿ ಅಧಿಕಾರಿಗಳೇ,

ನಿಮ್ಮ ಆದೇಶ ನನ್ನ ಅಕ್ಕನ ಕೆಲಸ ಕಿತ್ತುಕೊಂಡಿದೆ. ಔಷಧ ಮಳಿಗೆಗಳೆಲ್ಲ ತಿಂಗಳೊಳಗೆ ಯಾರು ಬೇಕಾದರೂ ತೆರೆದು ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶದ ಆಪರೇಟಿಂಗ್ ಸಿಸ್ಟಂ ತೆಗೆದುಹಾಕಿ, ನೀವು ಅನುಮೋದಿಸಿದ ಕಂಪನಿಯ ಸಿಸ್ಟಂ ಹಾಕಿಕೊಳ್ಳಬೇಕು ಎಂದಿರಿ. ‘ಬಿಟ್ಟಿ ಸಿಗುವುದಕ್ಕೆ ಹೊಣೆಗಾರರು ಯಾರು?’ ಎಂದು ದಪ್ಪಕ್ಷರದಲ್ಲಿ ಕೇಳಿದ್ದೀರಿ. ಕೇಳಿದ ಮೇಲೆ ಉತ್ತರವನ್ನೂ ಕೇಳಿಸಿಕೊಳ್ಳುವಿರಿ ಎಂದುಕೊಂಡಿದ್ದೇನೆ.

ಅಕ್ಕನಿಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ನಮ್ಮ ಸಗಟು ಔಷಧ ಮಳಿಗೆಯ ದಾಸ್ತಾನು ಹದಿನಾಲ್ಕು ವರ್ಷ ಅವಳ ಕೈಯಲ್ಲಿತ್ತು. ಪರದೆಯ ಮೇಲಿನ ಪ್ರತಿ ಸಾಲನ್ನೂ ಮುಕ್ತ ತಂತ್ರಾಂಶ ಹಾಕಿದ್ದ ಕಂಪ್ಯೂಟರ್ ಓದಿ ಹೇಳುತ್ತಿತ್ತು. ಅವಳು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಳು. ಮೊದಮೊದಲು ಅದು ಔಷಧಗಳ ಹೆಸರನ್ನು ಎಡವಟ್ಟಾಗಿ ಉಚ್ಚರಿಸುತ್ತಿತ್ತು. ‘ಇದೇನೋ, ಬಾಯ್ತುಂಬ ನೀರು ತುಂಬ್ಕೊಂಡೋರ ಥರ ಓದುತ್ತೆ!’ ಎಂದು ನಕ್ಕಿದ್ದಳು. ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವನು ಪಕ್ಕದಲ್ಲಿ ಕೂತು, ಅವಳು ಹೇಳಿಕೊಟ್ಟಂತೆ ಒಂದೊಂದೇ ಉಚ್ಚಾರ ತಿದ್ದಿದ. ಒಳಗಿನದೆಲ್ಲ ತೆರೆದೇ ಇತ್ತಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸುಳ್ಳೇಕೆ ಹೇಳಲಿ, ಅದರಲ್ಲೂ ಕೊರತೆಗಳಿದ್ದವು. ಹೊಸ ಪ್ರಿಂಟರ್ ತಂದಾಗಲೆಲ್ಲ ಎರಡು ದಿನ ಪರದಾಟ. ನಿಮ್ಮ ಸಿಸ್ಟಂನಲ್ಲಿ ಪ್ರಿಂಟರ್ ಸಿಕ್ಕಿಸಿದ ಕೂಡಲೇ ಓಡಿತು, ಭೇಷ್! ಆದರೆ ಅದರ ಜೊತೆಗೇ ಬಂದ ದಾಸ್ತಾನಿನ ಪುಟ ತೆರೆದಾಗ ಅಕ್ಕನಿಗೆ ಕೇಳಿಸಿದ್ದು ಒಂದೇ ಪದ: ‘ಬಟನ್. ಬಟನ್. ಬಟನ್.’ ಯಾವ ಬಟನ್? ಒತ್ತಿದರೆ ಏನಾಗುತ್ತದೆ? ಉತ್ತರವಿಲ್ಲ. ಸಹಾಯವಾಣಿಗೆ ಒಂಬತ್ತು ಸಲ ಫೋನ್ ಮಾಡಿದೆ. ‘ನಿಮ್ಮ ದೂರು ದಾಖಲಾಗಿದೆ ಸರ್’ ಎಂದರು, ಒಂಬತ್ತು ಸಲವೂ. ನಾವೇ ಸರಿಪಡಿಸೋಣವೆಂದರೆ ರಿಪೇರಿಯವನು ಕೈಚೆಲ್ಲಿದ: ‘ಇದ್ರೊಳಗೆ ಕೈಯಾಡಿಸೋಕೆ ಆಗಲ್ಲಣ್ಣ, ಬೀಗ ಅವ್ರದ್ದು.’ ಹೊಣೆಗಾರರು ಸಿಕ್ಕರು ಮಾನ್ಯರೇ, ಹೊಣೆ ಹೊರುವವರು ಸಿಗಲಿಲ್ಲ.

ನಿಮ್ಮ ಕಚೇರಿಗೂ ಬಂದೆ. ಗುಮಾಸ್ತರು ತಲೆ ಎತ್ತದೆಯೇ ಹೇಳಿದರು: ‘ರೂಲು ಎಲ್ಲರಿಗೂ ಒಂದೇ. ಕಣ್ಣಿರೋರನ್ನ ಕೂರಿಸ್ಕೊಳ್ಳಿ.’ ಇದನ್ನು ನಾನು ಯಾವ ಬಾಯಲ್ಲಿ ಅಕ್ಕನಿಗೆ ಹೇಳಲಿ?

ಹೇಳಬೇಕಾಗಲಿಲ್ಲ. ಹೊಸ ಸಿಸ್ಟಂ ಬಂದ ಹನ್ನೆರಡನೆಯ ದಿನ ಬೆಳಿಗ್ಗೆ, ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಪೆಟ್ಟಿಗೆಯಲ್ಲಿ ಅವಧಿ ಮುಗಿದ ಮಾತ್ರೆಗಳಿದ್ದವು. ಬಟನ್‌ಗಳನ್ನು ಅಂದಾಜಿನಲ್ಲಿ ಒತ್ತುತ್ತಿದ್ದ ಅಕ್ಕನ ಕೈಯಿಂದ ಆದ ಮೊದಲ ತಪ್ಪು. ಗಾಡಿ ಹತ್ತುವ ಮೊದಲೇ ನನ್ನ ಕಣ್ಣಿಗೆ ಬಿತ್ತು. ಬದಲಾಯಿಸಿದೆ, ಏನೂ ಆಗಿಲ್ಲ ಬಿಡು ಎಂದೆ. ಅವಳು ಹೆಡ್‌ಫೋನ್ ತೆಗೆದು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟಳು.

‘ನಾನಿಲ್ಲಿ ಕೂತ್ರೆ ಯಾರದ್ದಾದ್ರೂ ಜೀವಕ್ಕೆ ಕುತ್ತು ಬರುತ್ತೆ ಕಣೋ. ಮನೆಗೆ ಬಿಟ್ಬಿಡು ನನ್ನ.’

ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಹದಿನಾಲ್ಕು ವರ್ಷ ಅದೇ ದಾರಿಯಲ್ಲಿ ಒಬ್ಬಳೇ ಓಡಾಡಿದವಳು.

ಕಂಪನಿಯ ಸಿಸ್ಟಂ ಬೇಡವೆನ್ನುತ್ತಿಲ್ಲ, ಬೇಕಾದವರು ಬಳಸಲಿ. ಸುರಕ್ಷತೆಗೆ ಪರೀಕ್ಷೆ ಇಡಿ. ಪಾಸಾದದ್ದು ಮುಕ್ತವೋ ಕಂಪನಿಯದ್ದೋ, ಯಾವುದಾದರೂ ಇರಲಿ. ಕಣ್ಣು ಕಾಣದವರು ಅದರಲ್ಲಿ ಕೆಲಸ ಮಾಡಬಲ್ಲರೇ ಎಂಬುದನ್ನೂ ಆ ಪರೀಕ್ಷೆಯಲ್ಲಿ ನೋಡಿ. ಅಲ್ಲಿಯವರೆಗೆ ನಮ್ಮ ಹಳೆಯ ಸಿಸ್ಟಂಗೆ ಲಿಖಿತ ಅನುಮತಿ ಕೊಡಿ. ಕೊಟ್ಟರೂ ಅಕ್ಕ ಮರಳಿ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಾ ಎಂದು ಕರೆಯಲು ನನಗೊಂದು ಮುಖವಾದರೂ ಇರಲಿ.

ಇಂತಿ,
ಪರವಾನಗಿ ಉಳಿಸಿಕೊಳ್ಳಲು ನಿಮ್ಮ ಆದೇಶಕ್ಕೆ ಮರುಮಾತಿಲ್ಲದೆ ಸಹಿ ಹಾಕಿದ, ಅವಳ ತಮ್ಮ