ಬೆಟ್ಟದ ಶಾಲೆಯ ಸಮವಸ್ತ್ರ

ಭಾನುವಾರ, ಮಧ್ಯಾಹ್ನ

ಮಗನಿಗೆ,

ಆಶೀರ್ವಾದ ಕಾಗದದ ಕೊನೆಯಲ್ಲಿದೆ. ಅಲ್ಲಿಯವರೆಗೆ ಓದುವ ತಾಳ್ಮೆ ಇದ್ದರೆ ಸಿಗುತ್ತದೆ.

ಮೊದಲು ನಾನು ಯಾರೆಂದು ನೆನಪು ಮಾಡಿಕೊಡುತ್ತೇನೆ, ನೀನು ಮರೆತಂತಿದೆ. ನಾನು ಹೈಸ್ಕೂಲು ಮುಗಿಸಿದ ಹೆಂಗಸು. ನಿನ್ನ ಅಪ್ಪ ಎರಡು ಹೊಲಿಗೆ ಮೆಷಿನ್ನುಗಳನ್ನೂ ನಾಲ್ಕು ವರ್ಷದ ನಿನ್ನನ್ನೂ ನನ್ನ ಕೈಗಿಟ್ಟು ಕಣ್ಣು ಮುಚ್ಚಿದರು. ಇವತ್ತು ಈ ಊರಿನ ಹನ್ನೊಂದು ಶಾಲೆಗಳ ಮಕ್ಕಳು ಬೆಳಿಗ್ಗೆ ಎದ್ದು ತೊಡುವುದು ನನ್ನ ಅಂಗಡಿಯಲ್ಲಿ ಹೊಲಿದ ಬಟ್ಟೆ. ಸಮವಸ್ತ್ರ ಎಲ್ಲಿ ಸಿಗುತ್ತದೆ ಎಂದು ದಾರಿಹೋಕರನ್ನು ಕೇಳಿದರೂ ನನ್ನ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಊರಿನ ದೊಡ್ಡ ಮನುಷ್ಯರು ಯಾರೂ ನನ್ನೆದುರು ದನಿ ಎತ್ತುವುದಿಲ್ಲ. ಅವರಲ್ಲಿ ಅರ್ಧ ಜನರ ಚಡ್ಡಿಯ ಅಳತೆ ತೆಗೆದವಳು ನಾನು.

ನಿನ್ನ ಸಂದೇಶಕ್ಕೆ ಉತ್ತರ ತಡವಾಯಿತು. ಕ್ಷಮಿಸು ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಸಿಟ್ಟಿನಲ್ಲಿ ಕತ್ತರಿ ಹಿಡಿದರೆ ಬಟ್ಟೆ ಹಾಳಾಗುತ್ತದೆ ಎಂದು ಬೇಕೆಂದೇ ತಡ ಮಾಡಿದೆ. ಆದರೂ ಸಿಟ್ಟು ಇಳಿದಿಲ್ಲ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಫೋನು ಮಾಡಿದರೆ "ಮೀಟಿಂಗಲ್ಲಿದ್ದೀನಮ್ಮ" ಎಂದು ನಡುವೆಯೇ ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ಆಟ ನಡೆಯುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಅಂಗಿಗೆ ಕಾಜಾ ಹೊಲಿಯುವ ಹೊಸ ಮೆಷಿನ್ನು ಬಂದಿದೆ, ಅಂಗಡಿಯ ಮೇಸ್ತ್ರಿ ಅದನ್ನು ಹೊಸ ಅಳಿಯನನ್ನು ನೋಡಿದ ಹಾಗೆ ನೋಡುತ್ತಾನೆ, ಹತ್ತಿರ ಹೋಗುವುದಿಲ್ಲ. ನನ್ನ ಮಂಡಿ ಮೊದಲಿನಂತೆಯೇ ಇದೆ. ನಿನ್ನ ಹೆಂಡತಿ ಬೆಳಿಗ್ಗೆ ತನ್ನ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಸಂಜೆ ಬರುತ್ತಾಳೆ. ನಿನ್ನ ಮಗಳು ಗುಂಡಿ ಚೆನ್ನಾಗಿ ಉಣ್ಣುತ್ತಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ.

"ಅಮ್ಮ, ಅವಳಿಗೆ ಸ್ವಲ್ಪ ಬುದ್ಧಿ ಹೇಳು. ಮಗೂನ ಬೀದಿ ಶಾಲೆಗೆ ಹಾಕ್ತೀನಿ ಅಂತ ಹಟ ಹಿಡಿದಿದ್ದಾಳೆ. ವಸತಿ ಶಾಲೇಲಿ ಸೀಟು ಆಗಿದೆ. ಬುಧವಾರ ಕಾರು ಕಳಿಸ್ತೀನಿ. ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಪ್ರಶ್ನೆ." ನೀನು ಬರೆದದ್ದು ಇಷ್ಟು. ಒಂದು ಮಗುವಿನ ವಿಷಯದಲ್ಲಿ ನಿನ್ನ ಮರ್ಯಾದೆಗೆ ಒಂದು ಸಾಲು, ಕಾರಿಗೆ ಒಂದು ಸಾಲು. ಮಗುವಿಗೆ ಏನು ಬೇಕು ಎನ್ನುವುದಕ್ಕೆ ಒಂದಕ್ಷರವೂ ಇಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದಾದ ಮಗುವನ್ನು ಹೆತ್ತು ಹೆಗ್ಗಣದಂತೆ ಬಿಲದಲ್ಲಿ ಮುಚ್ಚಿಡುವವನನ್ನು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ.

ನಾನು ಮೊದಲಿನಿಂದಲೂ ನಿನ್ನ ಹೆಂಡತಿಯ ಕಡೆ ಇದ್ದೆ ಎಂದು ತಿಳಿಯಬೇಡ. ಮೂರು ವಾರದ ಹಿಂದೆ ಮಗುವನ್ನು ಕರೆದುಕೊಂಡು ಒಂದು ಪೆಟ್ಟಿಗೆಯ ಸಮೇತ ಬಂದಾಗ ನಾನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ, ಜಗಳ ಗಂಡನ ಹತ್ತಿರವೋ ಶಾಲೆಯ ಹತ್ತಿರವೋ ಎಂದು. "ಎರಡೂ ಕಡೆ ಅತ್ತೆ. ಮೊದಲು ನೀರು ಕೊಡಿ" ಎಂದಳು. ದಿನವಿಡೀ ಬೇರೆಯವರ ಬಾಯಿ ತೆರೆಸುವವಳು, ನಿನ್ನ ಮುಂದೆ ತನ್ನ ಬಾಯಿ ತೆರೆಯಲು ಹತ್ತು ವರ್ಷ ತೆಗೆದುಕೊಂಡಿದ್ದಾಳೆ.

ಊಟವಾದ ಮೇಲೆ ಹೇಳಿದಳು. ಒಂಬತ್ತು ವರ್ಷವಾದರೂ ಮಗುವಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿಲ್ಲ, ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಸಾಲಿನ ಮೊದಲು ಮರೆತಿರುತ್ತದೆ. ನಿಮ್ಮ ದೊಡ್ಡ ಶಾಲೆಯವರು ವರ್ಷದ ಕೊನೆಯಲ್ಲಿ ಕರೆಸಿ ಕಾಫಿ ಕೊಟ್ಟು, ಈ ಮಗು ಬೇರೆ ಮಕ್ಕಳ ಓಟಕ್ಕೆ ಅಡ್ಡಿ, ಕರೆದುಕೊಂಡು ಹೋಗಿ ಎಂದರು. ಅದೇ ಶಾಲೆಯ ಹೊಸ ಕಟ್ಟಡಕ್ಕೆ ನಕ್ಷೆ ಹಾಕುತ್ತಿರುವ ನೀನು ಕಾಫಿ ಕುಡಿದು ಎದ್ದು ಬಂದೆ. ಇವಳು ನಮ್ಮ ಬೀದಿಯ ಕೊನೆಯಲ್ಲಿರುವ ಶಾಲೆಯಲ್ಲಿ ಎರಡನೇ ತರಗತಿಗೆ ಹಾಕೋಣ, ಅಕ್ಷರ ಮತ್ತೆ ಮೊದಲಿನಿಂದ ಕಲಿಯಲಿ ಎಂದಳು.

ನನಗೆ ಮೈ ಉರಿಯಿತು. "ನನ್ನ ಮೊಮ್ಮಗಳು ಏಳು ವರ್ಷದ ಮಕ್ಕಳ ಜೊತೆ ಕೂರೋದಾ? ಊರು ನಗುತ್ತೆ" ಎಂದೆ.

"ಹಾಲುಹಲ್ಲು ಎಲ್ಲ ಮಕ್ಕಳಿಗೂ ಒಂದೇ ವಯಸ್ಸಿಗೆ ಬೀಳಲ್ಲ ಅತ್ತೆ. ತಡವಾಯ್ತು ಅಂತ ಇಕ್ಕಳ ಹಾಕಿ ಕೀಳೋಕಾಗುತ್ತಾ?" ಎಂದಳು. ನಾನು ಎದ್ದು ಮಲಗಲು ಹೋದೆ. ವಾದದಲ್ಲಿ ಸೋತಾಗ ಹಿರಿಯರು ಮಾಡುವುದು ಅದನ್ನೇ.

ಆಮೇಲೆ ಮೂರು ವಾರ ಮಗುವನ್ನು ಹತ್ತಿರದಿಂದ ನೋಡಿದೆ. ಅವಳಲ್ಲಿ ಗುಟ್ಟಾಗಿ ಅಡಗಿರುವ ಯಾವ ಮಹಾ ಪ್ರತಿಭೆಯೂ ಇಲ್ಲ, ಆ ಆಸೆ ಇದ್ದರೆ ಬಿಡು. ಗುಂಡಿ ಎಂದು ಹೆಸರಿಟ್ಟುಕೊಂಡವಳಿಗೆ ಗುಂಡಿ ಹೊಲಿಯಲು ಕೊಟ್ಟರೆ ಬೆರಳಿಗೆ ಚುಚ್ಚಿಕೊಳ್ಳುತ್ತಾಳೆ. ಹಾಡಿದರೆ ಮೇಸ್ತ್ರಿ ಮೆಷಿನ್ನು ಜೋರಾಗಿ ತುಳಿಯುತ್ತಾನೆ. ಆದರೆ ಕೆಲಸದ ಹೆಂಗಸರಲ್ಲಿ ಯಾರ ಮುಖ ಸಪ್ಪಗಿದೆ ಎಂದು ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ, ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಸಾಧಾರಣ ಮಗು. ಸಾಧಾರಣ ಮಕ್ಕಳಿಗೆ ಬಟ್ಟೆ ಹೊಲಿದೇ ನಾನು ನಿನ್ನನ್ನು ಓದಿಸಿದ್ದು.

ಇನ್ನು ನಿನ್ನ ಆ ನಾಲ್ಕು ಜನ. ಅವರಲ್ಲಿ ಇಬ್ಬರು ಕಳೆದ ಮಂಗಳವಾರ ನನ್ನ ಅಂಗಡಿಗೆ ಬಂದಿದ್ದರು. ಒಬ್ಬಳು ನಿನ್ನ ಪಾಲುದಾರನ ಹೆಂಡತಿ, ಮಗಳನ್ನು ಕರೆದುಕೊಂಡು ಬಂದಿದ್ದಳು. ಇನ್ನೊಬ್ಬಳು ಮೂಳೆ ಡಾಕ್ಟರ ಹೆಂಡತಿ, ನಿಮ್ಮ ಆ ದೊಡ್ಡ ಶಾಲೆಯ ಸಮವಸ್ತ್ರದ ಕಮಿಟಿಯವಳು. ಹುಡುಗಿಗೆ ಕೋಟು ಹೊಲಿಸಬೇಕಿತ್ತು. ನಾನು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ತೋಳಿಗೆ ಗುಂಡುಸೂಜಿ ಹಾಕುತ್ತಿದ್ದೆ. ಬಾಯಲ್ಲಿ ನಾಲ್ಕಾರು ಸೂಜಿ ಕಚ್ಚಿಕೊಂಡಿದ್ದೆ.

ಪಾಲುದಾರನ ಹೆಂಡತಿ ಹೇಳಿದಳು, "ಆಂಟಿ, ನಿಮ್ಮ ಮೊಮ್ಮಗಳ ಅದೃಷ್ಟಾನೇ ಅದೃಷ್ಟ. ಆ ಬೆಟ್ಟದ ಮೇಲಿನ ಶಾಲೇಲಿ ಸೀಟು ಸಿಗೋದು ಅಂದ್ರೆ ಸುಮ್ನೇನಾ? ನಮ್ಮೋರು ಎರಡು ವರ್ಷದಿಂದ ಯಾರ್ಯಾರದೋ ಕಾಲು ಹಿಡೀತಿದ್ದಾರೆ."

ಕಮಿಟಿಯವಳು ಕೇಳಿದಳು, "ಅಲ್ಲಿನ ಯೂನಿಫಾರ್ಮ್ ಹೇಗಿದೆ ಆಂಟಿ? ನೀವೇ ತಾನೆ ಹೊಲಿದಿರೋದು. ಒಂದು ಜೊತೆ ಇದ್ರೆ ತೋರಿಸಿ. ನಮ್ಮ ಶಾಲೆಗೂ ಆ ಥರಾನೇ ಮಾಡ್ಸೋಣ ಅಂತಿದ್ದೀವಿ."

ಮಗನೇ, ಸುಳ್ಳು ಹೇಳುವುದೂ ಒಂದು ಕಸುಬು, ಅದಕ್ಕೂ ಅಳತೆ ಬೇಕು. ಮಗುವಿಗಾಗಿ ಹುಡುಕಿರುವುದು ಎಲ್ಲೋ ದೂರದ ಒಂದು ವಸತಿ ಶಾಲೆ. ಸ್ನೇಹಿತರಿಗೆ ಹೇಳಿರುವುದು ಬೆಟ್ಟದ ಶಾಲೆ. ಮಗು ಇರುವುದು ನನ್ನ ಮನೆಯಲ್ಲಿ. ಒಂದೇ ಮಗು ಮೂರು ಕಡೆ! ಅಷ್ಟೆಲ್ಲ ಯೋಚಿಸಿದ ನಿನಗೆ ಇಡೀ ಊರಿಗೆ ಸಮವಸ್ತ್ರ ಹೊಲಿಯುವವಳು ನಿನ್ನ ತಾಯಿ ಎನ್ನುವುದು ಮಾತ್ರ ಹೊಳೆಯಲಿಲ್ಲ. ಮೊಮ್ಮಗಳು ಹೊಸ ಶಾಲೆಗೆ ಹೋದರೆ ಮೊದಲ ಪ್ರಶ್ನೆ ನನ್ನ ಅಂಗಡಿಗೇ ಬರುತ್ತದೆ ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ನನ್ನ ಕೆಲಸ ನಿನ್ನ ಲೆಕ್ಕಕ್ಕೇ ಇಲ್ಲ.

ಒಂದೊಂದೇ ಸೂಜಿಯನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದೆ. ಅಷ್ಟು ಹೊತ್ತು ಬೇಕಾಗಿತ್ತು ನನಗೆ.

"ನಾನು ಹೊಲಿದಿಲ್ಲ. ಅವಳು ಯಾವ ಬೆಟ್ಟಾನೂ ಹತ್ತಿಲ್ಲ. ಓದೋಕೆ ಬರ್ತಿಲ್ಲ ಅಂತ ನಿಮ್ಮ ಶಾಲೆಯೋರು ಕಳಿಸಿದ್ರು. ನನ್ನ ಮನೇಲಿದ್ದಾಳೆ" ಎಂದೆ.

ಪಾಲುದಾರನ ಹೆಂಡತಿ ಮಗಳ ಕಿವಿ ಮುಚ್ಚಬೇಕೋ ಬೇಡವೋ ಎನ್ನುವಂತೆ ಕೈ ಎತ್ತಿ ಇಳಿಸಿದಳು. ಕಮಿಟಿಯವಳು ದನಿ ತಗ್ಗಿಸಿ, "ಇಂಥದ್ದನ್ನೆಲ್ಲ ಹೀಗೆ ಹೊರಗೆ ಹೇಳ್ಬಾರದು ಆಂಟಿ. ನಮ್ಮ ಸರ್ಕಲಲ್ಲಿ ಯಾರಿಗೂ ಹೀಗಾಗಿಲ್ಲ" ಎಂದಳು.

"ಆಗಿಲ್ಲವೋ, ಹೇಳಿಲ್ಲವೋ?" ಎಂದೆ.

ಅವಳ ಮುಖ ಕೆಂಪಾಯಿತು. ಮುಂದಿನ ವರ್ಷದ ಆರ್ಡರಿನ ಬಗ್ಗೆ ಕಮಿಟಿ ಇನ್ನೂ ತೀರ್ಮಾನ ಮಾಡಿಲ್ಲ ಎಂದು ನೆನಪಿಸಿದಳು. ಕೊಟ್ಟರೆ ಹೊಲಿಯುತ್ತೇನೆ, ಕೊಡದಿದ್ದರೆ ಇನ್ನೂ ಹತ್ತು ಶಾಲೆಗಳಿವೆ ಎಂದೆ. ಹುಡುಗಿಯ ಕೋಟಿನ ಎರಡನೇ ತೋಳಿಗೆ ಸೂಜಿ ಹಾಕಿ ಮುಗಿಸಿಯೇ ಕಳಿಸಿದೆ. ಸಿಟ್ಟಿಗೆ ಕೆಲಸ ಕೆಡಿಸುವವಳಲ್ಲ ನಾನು. ಅವರು ಹೋದ ಮೇಲೆ ಮೇಸ್ತ್ರಿ, "ಅಮ್ಮಾವ್ರೇ, ದೊಡ್ಡ ಗಿರಾಕಿ ಅದು" ಎಂದು ತಲೆ ಕೆರೆದುಕೊಂಡ. "ನಿನ್ನ ಸಂಬಳ ಅವರ ಮನೆಯಿಂದ ಬರ್ತಿದೆಯೇನೋ?" ಎಂದೆ. ಹೊಸ ಮೆಷಿನ್ನಿನ ಹತ್ತಿರ ಹೋಗಿ ನಿಂತ, ಪಾಪ, ಮೊದಲ ಸಲ.

ಈಗ ನಿನ್ನ ಮರ್ಯಾದೆ ಮೂರಾಬಟ್ಟೆಯಾಯಿತು ಎಂದು ಕೂಗಾಡುತ್ತೀಯ. ಕೂಗಾಡು. ಮರ್ಯಾದೆ ಎನ್ನುವುದು ಮೈಗೆ ಸರಿಯಾಗಿ ಕೂರಬೇಕು. ಬೇರೆಯವರ ಅಳತೆಗೆ ಹೊಲಿಸಿಕೊಂಡದ್ದು ಎಲ್ಲಾದರೂ ಒಂದು ಕಡೆ ಹರಿದೇ ಹರಿಯುತ್ತದೆ.

ಬರುವ ಬುಧವಾರ ಕಾರು ಕಳಿಸಬೇಡ, ಸುಮ್ಮನೆ ಪೆಟ್ರೋಲು ದಂಡ. ಆ ಹೆಂಗಸರು ಬಂದುಹೋದ ಮರುದಿನ ಬೆಳಿಗ್ಗೆಯೇ ನಾನು, ನಿನ್ನ ಹೆಂಡತಿ ಇಬ್ಬರೂ ಹೋಗಿ ಗುಂಡಿಯನ್ನು ಬೀದಿ ಕೊನೆಯ ಶಾಲೆಗೆ ಸೇರಿಸಿ ಬಂದಿದ್ದೇವೆ. ತಾಯಿಯ ರುಜು ಅವಳದು, ಪಕ್ಕದಲ್ಲಿ ನಿಂತವಳು ನಾನು. ಎರಡನೇ ತರಗತಿ. ಅಲ್ಲಿನ ಟೀಚರಮ್ಮ ಮಗುವನ್ನು ಮೇಲಿನಿಂದ ಕೆಳಗೆ ನೋಡಿ, "ಎತ್ತರ ಇದ್ದಾಳೆ, ಹಿಂದಿನ ಬೆಂಚಲ್ಲಿ ಕೂರಿಸ್ಲಾ? ಮಕ್ಕಳು ಏನಾದ್ರೂ ಅಂದಾವು" ಎಂದರು. "ಮುಂದೆ ಕೂರಿಸಿ. ಹಿಂದಿನವರು ಕತ್ತು ಓರೆ ಮಾಡಿ ಬೋರ್ಡು ನೋಡ್ಲಿ" ಎಂದೆ. ಆಕೆ ನಕ್ಕುಬಿಟ್ಟರು. ಮಕ್ಕಳು ಅಂದರು ಕೂಡ. ಮೊದಲ ದಿನವೇ ಒಬ್ಬ ಇವಳನ್ನು ಟೀಚರ್ ಎಂದುಕೊಂಡು ಶೌಚಕ್ಕೆ ಹೋಗಲೇ ಎಂದು ಕೇಳಿದನಂತೆ. ಇವಳು ಹೋಗಿ ಬಾ ಎಂದಳಂತೆ. ಮನೆಗೆ ಬಂದು ಅದನ್ನು ಹೇಳಿ ಹೇಳಿ ನಕ್ಕಳು. ನಿನ್ನ ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ನೋಡದ ಹಾಗೆ ಇದ್ದೆ.

ಆ ಶಾಲೆಗೂ ಸಮವಸ್ತ್ರ ಹೊಲಿಯುವವಳು ನಾನೇ. ಅವಳ ಲಂಗವನ್ನು ನಾನೇ ಕತ್ತರಿಸಿ ಹೊಲಿದೆ, ಮೇಸ್ತ್ರಿಗೆ ಕೊಡಲಿಲ್ಲ. ನಮ್ಮ ಅಂಗಡಿಯ ಪದ್ಧತಿಯಂತೆ ಒಳಗೆ ಮೂರು ಬೆರಳು ಬಟ್ಟೆ ಮಡಿಸಿ ಬಿಟ್ಟಿದ್ದೇನೆ. ಬೆಳೆದಾಗ ಬಿಚ್ಚಿದರಾಯಿತು, ಅವಸರವಿಲ್ಲ.

ನೀನು ಬರಬಹುದು. ಇದು ನಿನ್ನ ಮನೆ, ಬಾಗಿಲಿಗೆ ಅಗುಳಿ ಹಾಕಿಲ್ಲ. ಆದರೆ ಶಾಲೆ ಬಿಡುವ ಹೊತ್ತಿಗೆ ಬಾ. ಮೊದಲು ಬೀದಿ ಕೊನೆಗೆ ಹೋಗಿ ಬೇರೆ ತಂದೆತಾಯಿಯರ ಜೊತೆ ಗೇಟಿನ ಹೊರಗೆ ನಿಲ್ಲು. ಮಗಳ ಕೈ ಹಿಡಿದು ಎಲ್ಲರೂ ನೋಡುವ ಹಾಗೆ ನಡೆಸಿಕೊಂಡು ಬಾ. ಕೈ ಬೀಸಿಕೊಂಡು ಒಬ್ಬನೇ ಬಂದರೆ ಊಟ ಹಾಕುತ್ತೇನೆ, ಮಾತಾಡುವುದಿಲ್ಲ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಒಬ್ಬನೇ ಇದ್ದೀಯ ಎಂದು ಬ್ರೆಡ್ಡು ತಿಂದು ಮಲಗಬೇಡ. ನಿನಗೆ ಒಳ್ಳೆಯದಾಗಲಿ, ಒಳ್ಳೆಯ ಬುದ್ಧಿಯೂ ಬರಲಿ. ಕೊಡುತ್ತೇನೆ ಎಂದಿದ್ದ ಆಶೀರ್ವಾದ ಇದೇ.

ನಿನ್ನ ತಾಯಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮಂಗಳವಾರ ಆ ಹೆಂಗಸರು ಬಂದಾಗ ಗುಂಡಿಯೂ ಅಂಗಡಿಯಲ್ಲಿದ್ದಳು. ಅವರ ಕಾರು ಕಂಡ ಕೂಡಲೇ ಕತ್ತರಿಸುವ ಮೇಜಿನ ಕೆಳಗೆ ಚಿಂದಿಯ ರಾಶಿಯ ಹಿಂದೆ ನುಸುಳಿದ್ದಾಳೆ, ನನಗೆ ಗೊತ್ತೇ ಆಗಲಿಲ್ಲ. ಅವರು ಹೋದ ಮೇಲೆ ಅಳುವ ಸದ್ದು ಕೇಳಿ ಬಗ್ಗಿ ನೋಡಿದೆ. "ಈಗ ರಜಾ ಅಲ್ವಲ್ಲ ಅಜ್ಜಿ, ಅದಕ್ಕೇ ಬಚ್ಚಿಟ್ಕೊಂಡೆ. ರಜದಲ್ಲಿ ಮಾತ್ರ ಅವರಿಗೆ ಕಾಣಿಸ್ಬಹುದಂತೆ. ನೀನು ಯಾಕೆ ಎಲ್ಲ ಹೇಳ್ಬಿಟ್ಟೆ? ಅಪ್ಪ ಎಷ್ಟು ಕಷ್ಟಪಟ್ಟು ಕಲ್ಸಿದ್ರು ನಂಗೆ" ಎಂದಳು. ಏನು ಕಲಿಸಿದರು ಎಂದು ಕೇಳಿದೆ. ಮೇಜಿನ ಕೆಳಗಿನಿಂದ ಎದ್ದು ಬಂದು, ಕಣ್ಣು ಒರೆಸಿಕೊಂಡು, ಕೈ ಕಟ್ಟಿ ನೆಟ್ಟಗೆ ನಿಂತು ಒಪ್ಪಿಸಿದಳು: "ನನ್ನ ಕೋಣೇಲಿ ನಾಲ್ಕು ಹುಡುಗೀರು. ನನ್ನ ಮಂಚ ಕಿಟಕಿ ಪಕ್ಕ. ಬೆಳಿಗ್ಗೆ ಕುದುರೆ ಸವಾರಿ ಇರುತ್ತೆ. ಅಪ್ಪ ಅಮ್ಮ ನೆನಪಾಗ್ತಾರೆ, ಆದ್ರೆ ನಾನು ಅಳೋದಿಲ್ಲ." ಒಂದು ಸಾಲು ಓದುವಷ್ಟರಲ್ಲಿ ಆ ಸಾಲಿನ ಮೊದಲನ್ನೇ ಮರೆಯುವ ಮಗು, ನೀನು ಹೇಳಿಕೊಟ್ಟದ್ದನ್ನು ಒಂದು ಪದವೂ ತಪ್ಪದೆ ಬಾಯಿಪಾಠ ಮಾಡಿದೆ. ಒಪ್ಪಿಸಿ ಮುಗಿಸಿ ನನ್ನ ಮುಖ ನೋಡಿ, "ಸರಿಯಾಗಿ ಹೇಳಿದ್ನಾ ಅಜ್ಜಿ?" ಎಂದು ಕೇಳಿತು. ಮರುದಿನ ನಾನು ಶಾಲೆಗೆ ಹೋದದ್ದು ನಿನ್ನ ಹೆಂಡತಿ ಕೇಳಿಕೊಂಡಳೆಂದಲ್ಲ. ಇದಕ್ಕೆ.