ಅಕ್ಕನ ಟಗರಿಗೆ ಯಾವ ತೋಟಾ

ಜೂನ್ ೧೮

ಬೆಳಿಗ್ಗೆ ಲೇತ್ ಒರೆಸಿ ಎಣ್ಣೆ ಬಿಟ್ಟೆ. ಕೆಳಗಿನ ದನದ ರಾಂಚಿನವನ ಕೋವಿ ಮತ್ತೆ ರಿಪೇರಿಗೆ ಬಂದಿದೆ. ‘ಟ್ರಿಗರ್ ಕೆಟ್ಟಿದೆ’ ಅಂತ ಚೀಟಿ. ಕೆಟ್ಟಿಲ್ಲ. ಒಳಗೆ ಗೋಧಿ ಹೊಟ್ಟು ತುಂಬಿದೆ. ವರ್ಷವಿಡೀ ಟ್ರಕ್ಕಿನ ಸೀಟಿನ ಹಿಂದೆ ಬಿಸಾಕಿಟ್ಟು, ಆಮೇಲೆ ನನ್ನ ಹತ್ತಿರ ಬಂದು ಅಳುವುದು.

ಹತ್ತು ಗಂಟೆಗೆ ಅಕ್ಕ ಥೋರಾ. ಎಂಜಿನ್ ಕೂಡ ಆರಿಸದೆ ಇಳಿದು ಬಂದಳು.

“ಆರ್ವಿ! ಬಂತು ಕಣೋ!”

“ಏನು ಬಂತು? ಮೊದ್ಲು ಬಾಗ್ಲು ಹಾಕು, ಧೂಳು.”

“ಟಗರು! ಬ್ರೇಕ್ಸ್ ಟಗರು! ನನ್ನ ಹೆಸರು ಬಂತು!”

ಕೂತೆ. ಎಪ್ಪತ್ತು ವರ್ಷದವನು ಸ್ಟೂಲ್ ಹುಡುಕಿಕೊಂಡು ಕೂತೆ. ನಲವತ್ತೊಂದು ವರ್ಷದಿಂದ ಪ್ರತಿ ವಸಂತಕ್ಕೂ ಅರ್ಜಿ ಹಾಕುತ್ತಿದ್ದಾಳೆ. ಬ್ರೇಕ್ಸ್ ಅನ್ನುವ, ಮಿಸೌರಿ ನದಿಯ ಆ ಕಡಿದಾದ ದಂಡೆಗಳ ಕಾಡುಟಗರಿಗೆ ಸರ್ಕಾರ ಚೀಟಿ ಎತ್ತುತ್ತದೆ. ಸಾವಿರಾರು ಜನ, ಬೆರಳೆಣಿಕೆಯ ಪರವಾನಗಿ. ಅಪ್ಪ ಸಾಯುವವರೆಗೂ ಹಾಕಿದ, ಬರಲಿಲ್ಲ. ಒಮ್ಮೆ ಟಗರು ಹೊಡೆದರೆ ಮುಂದಿನ ಏಳು ವರ್ಷ ಅರ್ಜಿಯನ್ನೇ ಹಾಕುವಂತಿಲ್ಲ. ಅಕ್ಕನಿಗೀಗ ಎಪ್ಪತ್ತಮೂರು. ಅಂದರೆ ಇದೊಂದೇ.

ಅವಳ ಕೋವಿ ಅಪ್ಪನದು. ನಳಿಗೆ ಸವೆದು ಹೋಗಿದೆ, ಐದು ಗುಂಡು ಹೊಡೆದರೆ ಐದು ಊರಿಗೆ ಹೋಗುತ್ತವೆ.

“ಹೊಸದು ನಾನು ಕಟ್ಟಿಕೊಡ್ತೀನಿ” ಅಂದೆ.

ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಜೂನ್ ೨೧

ನಾಲ್ಕು ವರ್ಷದಿಂದ ಮೂಲೆಯಲ್ಲಿಟ್ಟಿದ್ದ ಸೆವೆನ್ ಎಂ.ಎಂ. ನಳಿಗೆ ತೆಗೆದೆ. ಒಳ್ಳೆಯ ಉಕ್ಕು. ನನಗೆ ಅಂತಲೇ ಇಟ್ಟಿದ್ದೆ... ಇರಲಿ.

ನಳಿಗೆ ತೀರ್ಮಾನವಾಯಿತು. ಉಳಿದದ್ದು ಯಾವ ತೋಟಾ ಅನ್ನುವುದು. ಈ ನಳಿಗೆಗೆ ಗುಂಡು ಒಂದೇ ದಪ್ಪ. ಆದರೆ ಗುಂಡಿನ ಹಿಂದೆ ಎಷ್ಟು ಮದ್ದು? ಸೆವೆನ್ ಓ ಎಯ್ಟ್ — ಸಣ್ಣದು. ಟು ಎಯ್ಟಿ ಆಕ್ಲಿ — ನಡುವಿನದು. ಸೆವೆನ್ ಮ್ಯಾಗ್ನಮ್ — ದೊಡ್ಡದು. ಇದರಲ್ಲಿ ಯೋಚಿಸಲು ಏನಿದೆ? ಬ್ರೇಕ್ಸ್‌ನಲ್ಲಿ ಈ ದಂಡೆಯಿಂದ ಆ ದಂಡೆಗೆ ಆರ್ನೂರು ಗಜ. ಗಾಳಿ ಯಾವತ್ತೂ ನಿಲ್ಲುವುದಿಲ್ಲ. ಮ್ಯಾಗ್ನಮ್.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

“ಒದಿಯುತ್ತಾ?”

“ಒಂದು ಗಳಿಗೆ ಒದಿಯುತ್ತೆ.”

“ಯೋಚ್ನೆ ಮಾಡಿ ಹೇಳ್ತೀನಿ ಕಣೋ.”

ಯೋಚನೆಯಂತೆ.

ಜೂನ್ ೨೬

ಯೋಚನೆ ಮಾಡಿದ್ದು ಎಲ್ಲಿ? ಧಾನ್ಯದ ಗೋದಾಮಿನ ಪಕ್ಕದ ಕೆಫೆಯಲ್ಲಿ, ವರ್ನ್ ಸಕ್‌ಸ್ಟೆಡ್ ಜೊತೆ! ಮೂವತ್ತು ವರ್ಷ ಹೆದ್ದಾರಿಯ ಹಿಮ ತಳ್ಳುವ ಲಾರಿ ಓಡಿಸಿದವನು. ಅವನಿಗೆ ಕೋವಿ ಬಗ್ಗೆ ಗೊತ್ತಿರುವುದು, ಅದರ ಯಾವ ತುದಿಯಿಂದ ಗುಂಡು ಹೊರಗೆ ಬರುತ್ತದೆ ಅನ್ನುವುದು ಮಾತ್ರ. ಅಕ್ಕ ಕೆಫೆಯ ಕಾಗದದ ನ್ಯಾಪ್ಕಿನ್ ಮೇಲೆ ಏನೋ ತೋಟಾದ ಹೆಸರು ಬರೆಸಿಕೊಂಡು ಬಂದಿದ್ದಾಳೆ.

“ಇದು ಈಗ ಎಲ್ಲರ ಹತ್ರಾನೂ ಇದೆಯಂತೆ. ವರ್ನ್ ಹೇಳ್ದ.”

“ಇದಕ್ಕೆ ಬೇರೆ ನಳಿಗೆ ಬೇಕು. ನಳಿಗೆ ಇದೆ, ಸೆವೆನ್ ಎಂ.ಎಂ. ಅಂತ ಹೇಳಿದ್ದೀನಿ ತಾನೆ?”

“ಹೇಳಿದ್ದಿ. ಕೇಳಿದ್ರೆ ತಪ್ಪೇನು?”

“ವರ್ನ್‌ಗೆ ಹೇಳು, ಅವನೇ ಕಟ್ಟಿಕೊಡ್ಲಿ.”

“ಮೂಗಿನ ತುದಿಯಲ್ಲೇ ಕೋಪ. ಹುಟ್ಟಿದಾಗಿಂದ ಹಿಂಗೇ” ಅಂತ ನನ್ನ ಕಾಫಿಯನ್ನೂ ಕುಡಿದು ಹೋದಳು.

ಜುಲೈ ೨

ಈಗ ನಡುವಿನದಂತೆ. ಪಾದ್ರಿಯ ಹೆಂಡತಿಯ ಹತ್ತಿರ ಇದೆಯಂತೆ. ಹೋದ ವರ್ಷ ಜಿಂಕೆ ಹೊಡೆದಳಂತೆ, ‘ತುಂಬ ಚೆನ್ನಾಗಿದೆ’ ಅಂದಳಂತೆ. ಇದು ಕೋವಿಯೋ, ತಿನ್ನುವ ರೂಬಾರ್ಬ್ ಪೈಯೋ?

ಜುಲೈ ೫

ಈಗ ಸಣ್ಣದು.

“ಸೆವೆನ್ ಓ ಎಯ್ಟ್ ಸಾಕು ಆರ್ವಿ. ಟಗರು ಅಂದ್ರೆ ಎಷ್ಟು ತೂಕ? ನಮ್ಮ ವರ್ನ್‌ನಷ್ಟು.”

“ದೂರ? ಗಾಳಿ? ಆರ್ನೂರು ಗಜದಲ್ಲಿ ಸಣ್ಣ ತೋಟಾದ ಗುಂಡು ದಾರಿ ತಪ್ಪುತ್ತೆ.”

“ಆರ್ನೂರರಿಂದ ಯಾರು ಹೊಡೀತಾರೆ? ಹತ್ರ ಹೋಗ್ತೀನಿ.”

“ಎಪ್ಪತ್ತಮೂರಕ್ಕೆ? ಆ ಕಲ್ಲಲ್ಲಿ?”

“ಕಾಲಿದೆಯಲ್ಲೋ.”

ಕಾಲಿದೆಯಂತೆ. ಒಂದೇ ಟಗರು, ಒಂದೇ ಸಲ, ಗಾಯಪಟ್ಟು ಓಡಿಹೋದರೆ? ಮೂವತ್ತು ವರ್ಷದ ಹಿಂದೆ ನನಗಾದದ್ದು ಅವಳಿಗೆ ನೆನಪಿಲ್ಲವೇ? ಆ ಗಂಡು ಎಲ್ಕ್, ಕುದುರೆಯಷ್ಟು ದೊಡ್ಡ ಜಿಂಕೆ. ಇನ್ನೂರ ಎಪ್ಪತ್ತು ಗಜದಲ್ಲಿ ಅಪ್ಪನ ಕೋವಿಯಿಂದಲೇ ಹೊಡೆದೆ. ರಕ್ತದ ಹನಿ ಹಿಡಿದು ಎರಡು ದಿನ ನಡೆದೆವು, ಅಕ್ಕನೂ ಜೊತೆಗಿದ್ದಳು. ಸಿಗಲಿಲ್ಲ. ಎಲ್ಲಿ ಬಿದ್ದು ಸತ್ತಿತೋ. ತೋಟಾ ಸಣ್ಣದಾಯಿತು ಅಂತ ಅವತ್ತೇ ಹೇಳಿದ್ದೆ. ಅಂದಿನಿಂದ ಮ್ಯಾಗ್ನಮ್ ಬಿಟ್ಟು ಬೇರೆ ಮುಟ್ಟಿಲ್ಲ.

ಜುಲೈ ೧೧

ಮತ್ತೆ ನಡುವಿನದು. ಪಾದ್ರಿಯ ಹೆಂಡತಿ ಮೂರು ತೋಟಾ ತೋರಿಸಲು ಕಳಿಸಿದ್ದಾಳೆ. ಜೊತೆಗೆ ಜಾಮ್. ಜಾಮ್ ಇಟ್ಟುಕೊಂಡೆ.

ಜುಲೈ ೧೪

ಸಣ್ಣದು.

ಜುಲೈ ೧೫

“ನೀನೇ ಹೇಳು, ನಿಂಗೇ ಬಿಟ್ಟಿದ್ದು.” ಮ್ಯಾಗ್ನಮ್ ಅಂದೆ. “ಅದೊಂದು ಬಿಟ್ಟು” ಅಂದಳು. ಫೋನ್ ಇಟ್ಟುಬಿಟ್ಟೆ.

ಜುಲೈ ೨೪

ಎಂಟು ದಿನ ಬರಲಿಲ್ಲ. ಕೆಲಸ ಸುಗಮ. ದಿಮ್ಮಿಯಿಂದ ಕೋವಿಯ ಮರದ ಹಿಡಿ ಕೆತ್ತಿದೆ, ವಾಲ್‌ನಟ್ ಮರ. ಅವಳ ಅಳತೆಗೆ, ಅವಳ ಕೈ ಗಿಡ್ಡ.

ಇವತ್ತು ಬಂದು ಕೆನ್ನೆಗೆ ಒತ್ತಿ ನೋಡಿದಳು. ಮರದ ಮೇಲೆ ಎರಡು ಸಲ ಕೈ ಆಡಿಸಿದಳು.

“ತೋಟಾ?” ಅಂದೆ.

“ನೋಡೋಣ.”

ಹುಚ್ಚು ಹಿಡಿಸುತ್ತಾಳೆ. ಸೆಪ್ಟೆಂಬರ್ ಹದಿನೈದಕ್ಕೆ ಬೇಟೆ ಶುರು. ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು ಕೊರೆಯಬೇಕು, ತೋಟಾ ತುಂಬಿ ಹೊಡೆದು ನೋಡಬೇಕು, ಅವಳು ಕೈ ಪಳಗಿಸಿಕೊಳ್ಳಬೇಕು.

ಜುಲೈ ೩೦

ಸಾಕು. ನಾಳೆ ಮ್ಯಾಗ್ನಮ್‌ಗೇ ಕೊರೆಯುತ್ತೇನೆ. ಅವಳಿಗೆ ಹೇಳುವುದಿಲ್ಲ. ಒಮ್ಮೆ ದೊಡ್ಡದಾಗಿ ಕೊರೆದರೆ ಮತ್ತೆ ಸಣ್ಣದು ಮಾಡಲು ಬರುವುದಿಲ್ಲ. ಆ ಗೂಡು ಹೋಯಿತು ಅಂದರೆ ಹೋಯಿತು, ತೋಟಾದ ಬುಡ ಹಿಡಿಯುವ ಬೋಲ್ಟಿನ ಬಾಯಿಯೂ ಹಾಗೆಯೇ. ಆಮೇಲೆ ವರ್ನ್ ಬಂದರೂ ಅಷ್ಟೇ, ಪಾದ್ರಿ ಬಂದರೂ ಅಷ್ಟೇ.

ನಳಿಗೆ ಲೇತಿಗೆ ಕಟ್ಟಿ ನೆಟ್ಟಗೆ ಮಾಡಿದ್ದೇನೆ. ಗೂಡು ಕೊರೆಯುವ ರೀಮರ್ ಎಣ್ಣೆಯಲ್ಲಿದೆ.

ಜುಲೈ ೩೧

ಬೆಳಿಗ್ಗೆ ಆರೂ ಮುಕ್ಕಾಲಿಗೆ ಅಕ್ಕ. ವಾಸನೆ ಹಿಡಿದವಳ ಹಾಗೆ. ಲೇತ್ ನೋಡಿದಳು, ನನ್ನನ್ನು ನೋಡಿದಳು.

“ಕೊರೆಯೋಕೆ ಮುಂಚೆ ನಿನ್ನ ಮ್ಯಾಗ್ನಮ್ ಒಂದು ಸಲ ಹೊಡೆದು ನೋಡ್ತೀನಿ. ತಡ್ಕೊಂಡ್ರೆ ಕೊರಿ, ಇನ್ನು ಬಾಯಿ ಬಿಡಲ್ಲ.”

ನ್ಯಾಯ. ನನ್ನ ಕೋವಿ ತೆಗೆದುಕೊಂಡು, ಗುರಿ ಅಭ್ಯಾಸ ಮಾಡುವ ಊರಾಚೆಯ ಜಲ್ಲಿ ಗುಂಡಿಗೆ ಹೋದೆವು.

“ಅಪ್ಪನ ಆಟ ಆಡೋಣ” ಅಂದಳು.

ಅಪ್ಪ ನಮಗೆ ಕಲಿಸಿದ್ದೇ ಹಾಗೆ. ತೋಟಾ ಹಾಕುವುದು ಒಬ್ಬರು, ಹೊಡೆಯುವುದು ಇನ್ನೊಬ್ಬರು. ನಡುವೆ ಒಂದು ಸುಳ್ಳು ತೋಟಾ, ಮದ್ದಿಲ್ಲದ್ದು. ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಟ್ರಿಗರ್ ಎಳೆದಾಗ ಬರೀ ‘ಟಿಕ್’. ಒದೆತಕ್ಕೆ ಮೊದಲೇ ಹೆದರುವವನಾದರೆ ಒದೆತವಿಲ್ಲದೆಯೂ ನಳಿಗೆ ಕುಣಿಯುತ್ತದೆ. ಅಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

ಅವಳಿಗೆ ನಾನು ಹಾಕಿದೆ. ಎರಡು ನಿಜ, ಒಂದು ಸುಳ್ಳು, ಇನ್ನೆರಡು ನಿಜ. ಸುಳ್ಳಿನಲ್ಲಿ ‘ಟಿಕ್’ ಅಂದಿತು, ನಳಿಗೆ ಕದಲಲಿಲ್ಲ. ಬಂಡೆ. ಐದೂ ಮುಗಿದ ಮೇಲೆ ಭುಜ ಹಿಡಿದುಕೊಂಡಳು.

“ಕತ್ತೆ ಒದ್ದ ಹಾಗಿದೆ. ಆದ್ರೂ ತಡ್ಕೊಂಡೆ. ಈಗ ನೀನು.”

“ನಂಗ್ಯಾಕೆ? ನಲವತ್ತು ವರ್ಷದಿಂದ ಇದೇ ಕೆಲಸ.”

“ಹೆದ್ರಿಕೆನಾ?”

ಮಲಗಿದೆ. ಅವಳು ಹಾಕಿದಳು. ಉಸಿರು ಬಿಟ್ಟೆ. ಎಳೆದೆ.

ಟಿಕ್.

ನಳಿಗೆ ಮಣ್ಣಿಗೆ ಕುಕ್ಕಿತು. ಕೋಳಿ ಕಾಳು ಕುಕ್ಕಿದ ಹಾಗೆ. ನನ್ನ ಕಣ್ಣು ಮುಚ್ಚಿತ್ತು. ಯಾವಾಗ ಮುಚ್ಚಿತೋ ಗೊತ್ತಿಲ್ಲ.

“ಇನ್ನೊಂದು ಹಾಕು” ಅಂದೆ.

ಟಿಕ್. ಮತ್ತೆ ಕುಕ್ಕಿತು. ಇನ್ನೊಂದು. ಮತ್ತೆ. ಮೂರೂ ಸುಳ್ಳೇ ಹಾಕಿದ್ದಾಳೆ, ಪಿಶಾಚಿ! ಎಲ್ಲ ಸುಳ್ಳೇ ಅಂತ ಎರಡನೆಯದಕ್ಕೇ ಗೊತ್ತಾದ ಮೇಲೂ ಮೂರನೆಯದಕ್ಕೆ ಕುಕ್ಕಿದೆ. ಅದನ್ನು ಯಾರಿಗೆ ಹೇಳುವುದು?

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕೋವಿ ಎತ್ತಿ ಒರೆಸಿ ಚೀಲಕ್ಕೆ ಹಾಕಿದಳು.

“ಇವತ್ತು ಗಾಳಿ ಜಾಸ್ತಿ ಕಣೋ” ಅಂದಳು.

ಒಂದು ಹುಲ್ಲೆಸಳೂ ಅಲ್ಲಾಡುತ್ತಿರಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ.

ಆಗಸ್ಟ್ ೧೨

ಬರೆಯಲಿಲ್ಲ. ಏನು ಬರೆಯುವುದು.

ಅಂಗಡಿ ಮುಚ್ಚಿದ್ದೆ. ಬೋರ್ಡಿನ ಮೇಲೆ ‘ಹುಷಾರಿಲ್ಲ’ ಅಂತ ಬರೆದೆ. ವರ್ನ್ ಬಾಗಿಲು ಬಡಿದು “ಸತ್ತಿದ್ಯಾ ಬದುಕಿದ್ಯಾ?” ಅಂತ ಕೂಗಿದ. “ಸತ್ತಿದ್ದೀನಿ, ಹೋಗು” ಅಂದೆ. ಹೋದ.

ಆ ಎಲ್ಕ್. ತೋಟಾ ಸಣ್ಣದಾಯಿತು ಅಂತ ಮೂವತ್ತು ವರ್ಷ ಊರಿಗೆಲ್ಲ ಹೇಳಿದೆ. ಅದೇ ಕೋವಿ, ಅದೇ ತೋಟಾದಲ್ಲಿ ಅಪ್ಪ ಹನ್ನೊಂದು ಎಲ್ಕ್ ಹೊಡೆದಿದ್ದ. ತೋಟಾ ಸಣ್ಣದಿರಲಿಲ್ಲ. ಅವತ್ತೂ ಕಣ್ಣು ಮುಚ್ಚಿತ್ತು. ಆಮೇಲೆ ದೊಡ್ಡದು ಹಿಡಿದೆ, ಅದು ಇನ್ನೂ ಜೋರಾಗಿ ಒದೆಯಿತು. ಒದ್ದಷ್ಟೂ ಹೆದರಿದೆ, ಹೆದರಿದಷ್ಟೂ ಇನ್ನೂ ದೊಡ್ಡದು ಹುಡುಕಿದೆ. ಜೊತೆಗೆ ಊರವರಿಗೆಲ್ಲ ಅದನ್ನೇ ಕಟ್ಟಿಕೊಟ್ಟೆ, ಎದೆಯುಬ್ಬಿಸಿಕೊಂಡು.

ಅಕ್ಕನಿಗೆ ಆಗಲೇ ಗೊತ್ತಿತ್ತೇ? ಎರಡು ದಿನ ರಕ್ತ ಹುಡುಕುತ್ತ ಪಕ್ಕದಲ್ಲೇ ನಡೆದಳು. ತೋಟಾ ಸಣ್ಣದು ಅಂದಾಗ “ಇರಬೋದು” ಅಂದಿದ್ದಳು. ಅಷ್ಟೇ ಅಂದಿದ್ದಳು.

ಆಗಸ್ಟ್ ೧೩

ಕೊರೆದೆ. ಸಣ್ಣದಕ್ಕೆ. ಸೆವೆನ್ ಓ ಎಯ್ಟ್.

ಬೆಳಿಗ್ಗೆ ಎಂಟರಿಂದ ಎರಡರವರೆಗೆ. ಕೂದಲೆಳೆಯಷ್ಟು ಕೊರೆ, ನಿಲ್ಲಿಸು, ತೆಗೆ, ಒರೆಸು, ಅಳೆ, ಎಣ್ಣೆ ಬಿಡು, ಮತ್ತೆ ಕೊರೆ. ಗೂಡು ಕನ್ನಡಿಯ ಹಾಗೆ ಬಂದಿದೆ. ಸಣ್ಣದು ಸಾಲದಿದ್ದರೆ ಆಮೇಲೆ ಹಿಗ್ಗಿಸಬಹುದು ಅಂತ ಸಮಾಧಾನ ಹೇಳಿಕೊಂಡೆ. ಹಿಗ್ಗಿಸುವುದಿಲ್ಲ, ಗೊತ್ತು.

ಆಗಸ್ಟ್ ೧೯

ಅಕ್ಕ ಬಂದಳು. ಕೋವಿ ಮೇಜಿನ ಮೇಲಿತ್ತು.

“ಯಾವ್ದಕ್ಕೆ ಕೊರ್ದೆ?”

“ನಳಿಗೆ ಮೇಲೆ ಕೆತ್ತಿದ್ದೀನಿ. ಕಣ್ಣಿಲ್ವಾ?”

ಕನ್ನಡಕ ಹಾಕಿಕೊಂಡು ಓದಿದಳು. ಓದಿ ತುಂಬ ಹೊತ್ತಾದರೂ ಕನ್ನಡಕ ತೆಗೆಯಲಿಲ್ಲ.

“ವರ್ನ್‌ಗೆ ಏನು ಹೇಳ್ಲಿ?”

“ಪಾದ್ರಿ ಹೆಂಡ್ತಿಗೆ ಏನು ಹೇಳ್ತೀಯೋ ಅದನ್ನೇ ಹೇಳು.”

ಆಗಸ್ಟ್ ೩೦

ಜಲ್ಲಿ ಗುಂಡಿ. ನಾನೂರು ಗಜದಲ್ಲಿ ತಟ್ಟೆಯಷ್ಟು ಕಬ್ಬಿಣದ ಹಲಗೆ. ಅಕ್ಕ ಹತ್ತಕ್ಕೆ ಹತ್ತು ಹೊಡೆದಳು. ಗಾಳಿಯಿತ್ತು, ಈ ಸಲ ನಿಜವಾದ ಗಾಳಿ.

“ನೀನೂ ಹೊಡಿ ಆರ್ವಿ. ಇದು ಒದಿಯಲ್ಲ.”

“ಬೇಡ.”

“ಯಾರೂ ನೋಡಲ್ಲ.”

“ಬೇಡ ಅಂದ್ನಲ್ಲ!”

ಕೂಗಿದ್ದು ಜಾಸ್ತಿಯಾಯಿತು. ಮನೆಗೆ ಬಂದ ಮೇಲೆ ಅವಳ ಲೆಫ್ಸೆ ರೊಟ್ಟಿ ನಾಲ್ಕು ತಿಂದೆ. ಕ್ಷಮೆ ಕೇಳಿದ ಹಾಗೆ ಅಂತ ಅವಳಿಗೆ ಗೊತ್ತು.

ಸೆಪ್ಟೆಂಬರ್ ೧೭

ಬ್ರೇಕ್ಸ್. ಮೂರನೆಯ ದಿನ. ಮಂಡಿ ಸತ್ತಿದೆ. ಹೆಣ್ಣು, ಮರಿ, ಎಳೆ ಟಗರು ಕಂಡವು. ದೊಡ್ಡದು ಇಲ್ಲ. ಅಕ್ಕ ಡೇರೆಯಲ್ಲಿ ಗೊರಕೆ ಹೊಡೆದು ಇಡೀ ಕಣಿವೆಗೆ ಸುದ್ದಿ ಮುಟ್ಟಿಸುತ್ತಿದ್ದಾಳೆ.

ಸೆಪ್ಟೆಂಬರ್ ೨೦, ಬೆಳಿಗ್ಗೆ ೧೧

ದೊಡ್ಡ ಟಗರು ಎದುರು ದಂಡೆಯಲ್ಲಿ ಮಲಗಿದೆ. ಕೊಂಬು ಪೂರ್ತಿ ಸುತ್ತು ತಿರುಗಿದೆ. ಇಂಥದ್ದು ನಾನು ಎರಡು ಸಲ ಕಂಡಿರಬೇಕು, ಅಷ್ಟೇ. ಅಳೆದೆ. ಆರ್ನೂರ ಹತ್ತು ಗಜ.

“ನೋಡು” ಅಂದೆ. “ಮ್ಯಾಗ್ನಮ್ ಇದ್ದಿದ್ರೆ ಇಲ್ಲಿಂದ್ಲೇ...”

“ಇದ್ದಿದ್ರೆ ನೀನು ಹೊಡೀತಿದ್ಯಾ?”

ಉತ್ತರಕ್ಕೆ ಕಾಯದೆ ಅವಳು ಬೂಟಿನ ಲೇಸ್ ಬಿಗಿದುಕೊಂಡು ಸುತ್ತಿನ ದಾರಿ ತೋರಿಸಿದಳು. ಕೊರಕಲಿಗೆ ಇಳಿದು, ಆ ಕಡೆ ಹತ್ತಿ, ಜೂನಿಪರ್ ಪೊದೆಯ ಹಿಂದಿನಿಂದ. ಎರಡು ಗಂಟೆ ಬೇಕು. ನನ್ನ ಕೆಲಸ ದುರ್ಬೀನು. ಗುಂಡು ಎಲ್ಲಿ ತಗುಲಿತು ಅಂತ ನೋಡಿ ಹೇಳಬೇಕು, ಎರಡನೆಯ ಗುಂಡು ಬೇಕಾದರೆ ಅದಕ್ಕೆ.

ನಿಂತು ಕರೆಯುತ್ತಿದ್ದಾಳೆ. ಕಿತ್ತಳೆ ಅಂಗಿಯಲ್ಲಿ ಕುಂಬಳಕಾಯಿಯ ಹಾಗೆ ಕಾಣುತ್ತಾಳೆ.

ಸೆಪ್ಟೆಂಬರ್ ೨೦, ಮಧ್ಯಾಹ್ನ ೨

ಇನ್ನೂರ ಹದಿನಾಲ್ಕು ಗಜ. ಅದಕ್ಕೂ ಹತ್ತಿರ ಪೊದೆಯಿಲ್ಲ. ಟಗರು ಎದ್ದು ನಿಂತಿತು, ಪಕ್ಕೆ ತೋರಿಸಿತು. ಅಕ್ಕ ಚೀಲದ ಮೇಲೆ ಕೋವಿ ಊರಿದಳು. ನಾನು ಪಕ್ಕದಲ್ಲಿ ಮಲಗಿ ದುರ್ಬೀನು ಹಿಡಿದೆ. ಅವಳ ಉಸಿರು ಕೇಳುತ್ತಿತ್ತು. ನಿಂತಿತು.

ಗುಂಡು ಹಾರಿತು. ಕಣ್ಣು ಮುಚ್ಚಿದೆ. ನಾನು — ಬರೀ ದುರ್ಬೀನು ಹಿಡಿದವನು! ತೆರೆದಾಗ ದಂಡೆ ಖಾಲಿ.

“ಎಲ್ಲಿ? ಎಲ್ಲಿ ತಗುಲ್ತು?” ಅಂತ ನಾನೇ ಅವಳನ್ನು ಕೇಳಿದೆ.

ಅಕ್ಕ ಕೋವಿಯಿಂದ ಕೆನ್ನೆ ತೆಗೆಯದೆ ಹೇಳಿದಳು: “ಭುಜದ ಹಿಂದೆ. ನಿಂತಲ್ಲೇ ಕುಸೀತು. ಕಲ್ಲಿನ ಕೆಳಗೆ ಬಿದ್ದಿದೆ.” ಆಮೇಲೆ ನನ್ನ ಕಡೆ ತಿರುಗಿದಳು. “ಗಾಳಿಗೆ ಕಣ್ಣಿಗೆ ಧೂಳು ಬಿತ್ತೇನೋ?”

“ಬಿತ್ತು” ಅಂದೆ.

ಆಮೇಲೆ “ಇಲ್ಲ ಥೋರಾ. ಬೀಳಲಿಲ್ಲ. ಅವತ್ತು ಎಲ್ಕ್ ದಿನಾನೂ” ಅಂತ ಶುರು ಮಾಡಿದೆ.

“ಗೊತ್ತು ಕಣೋ. ಏಳು, ಮಾಂಸ ಹೊರ್ಬೇಕು.”

ಈಗ ಟಗರಿನ ಪಕ್ಕ ಕೂತಿದ್ದಾಳೆ. ಕೊಂಬಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಾಳೆ, ಅಪ್ಪನಿಗೆ ಏನೋ ಹೇಳುವವಳ ಹಾಗೆ. ಅದಕ್ಕೇ ನಾನು ಇಷ್ಟು ದೂರ ಬಂದು ಕೂತು ಬರೆಯುತ್ತಿದ್ದೇನೆ, ಅವಳು ಒಂದು ಗಳಿಗೆ ಒಬ್ಬಳೇ... ಇಲ್ಲ, ಆಗಲೇ ಕೂಗು. “ಆರ್ವೀ! ಚಾಕು ನಿನ್ನ ಹತ್ರ ಇದೆ!” ನನ್ನ ಹತ್ತಿರ ಇಲ್ಲ. ಅವಳ ಚೀಲದಲ್ಲೇ ಇದೆ, ನಾನೇ ಹಾಕಿದ್ದೆ. ಬಲ ಪಕ್ಕದ ಜೇಬಿನಲ್ಲಿ, ಅಲ್ಲ, ಕೆಳಗಿನ... ಮತ್ತೆ ಕೂಗುತ್ತಿದ್ದಾಳೆ. ಹೊರಟೆ.